ಚೀಟಿ ಕಟ್ಟುವವಳ ಜ್ವರ

ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ
ಹನ್ನೊಂದು ವರ್ಷದಿಂದ ಮೂಟೆಗೆ ಚೀಟಿ ಕಟ್ಟುತ್ತೇನೆ.
ಚೀಟಿ ಒಂದೇ. ಗಂಟು ಬೇರೆ.
ಮೂಟೆಯ ಕಿವಿಗೆ ಬಿದ್ದರೆ ಲಾರಿಗೆ,
ಹೊಲಿಗೆಯ ಕೆಳಗೆ ಬಿದ್ದರೆ ಗೊಬ್ಬರದ ಗುಂಡಿಗೆ.

ಇವತ್ತು ನೂರಾಮೂರು ಜ್ವರ.
ಮಡಿಕೇರಿಯಲ್ಲಿ ಓದುವ ತಂಗಿಯ ಮಗಳು ದಮಯಂತಿ
ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಹೇಳಿದಳು:
"ದೊಡ್ಡಮ್ಮ, ನಿನ್ನ ಒಂದೊಂದು ಜೀವಕೋಶದೊಳಗೂ ಇದೇ ಕೆಲಸ.
ಯುಬಿಕ್ವಿಟಿನ್ ಅಂತ, ಎಪ್ಪತ್ತಾರು ಮಣಿಯ ಪುಟ್ಟ ಚೀಟಿ.
ನಲವತ್ತೆಂಟನೇ ಮಣಿಯಲ್ಲಿ ಕೊಂಡಿ ಬೆಳೆದರೆ
ಆ ಪ್ರೋಟೀನು ಚೂರುಚೂರು.
ಅರವತ್ತಮೂರರಲ್ಲಿ ಬೆಳೆದರೆ ಗಂಟೆ:
ವೈರಸ್ ಬಂತು, ಏಳಿ, ಪಕ್ಕದ ಮನೆಗೂ ಹೇಳಿ."

ಹಾಗಾದರೆ ಈ ಉರಿ
ಯಾರೋ ಸರಿಯಾಗಿ ಹಾಕಿದ ಗಂಟು.

ಹೋದ ಡಿಸೆಂಬರಿನಲ್ಲಿ ಒಬ್ಬ ಕಳ್ಳ ಬಂದಿದ್ದ.
ಮೂಟೆ ಮುಟ್ಟಲಿಲ್ಲ, ಚೀಟಿ ಕತ್ತರಿಸಿ ಹೋದ.
ಬೂಷ್ಟು ಹಿಡಿದದ್ದೂ ಒಳ್ಳೆಯದೂ ಒಂದೇ ಲಾರಿ ಹತ್ತಿತು.
"ಕೆಲವು ವೈರಸ್ಸಿಗೂ ಕತ್ತರಿ ಇದೆ," ಅಂದಳು ಹುಡುಗಿ.
ನಕ್ಕೆ. ಎದೆ ನೋಯಿತು.

ಕತ್ತರಿ ನಮ್ಮಲ್ಲೂ ಇದೆ, ಕುಟ್ಟಪ್ಪನ ಕೈಯಲ್ಲಿ.
ಲೋಡು ಮುಗಿದ ಮೇಲೆ ಅವನು ಹಳೆಯ ಚೀಟಿ ಬಿಡಿಸದಿದ್ದರೆ
ಮಾರನೆಯ ದಿನ ಖಾಲಿ ಗೋಣಿಗೂ ಲಾರಿ ಕಾಯುತ್ತದೆ.
ಗಂಟೆ ನಿಲ್ಲದ ಮೈ ತನ್ನನ್ನೇ ಸುಟ್ಟುಕೊಳ್ಳುತ್ತದಂತೆ.

ಬೆಳಗಿನ ಜಾವ ಬೆವತೆ.
ಹಾರಂಗಿ ಕಡೆಯ ಗಾಳಿ ಕಿಟಕಿಗೆ ಬಂತು.
ಒಳಗಿನ ಯಾವ ಕುಟ್ಟಪ್ಪ, ಯಾವ ಕೂಲಿಗೆ,
ಎಷ್ಟು ಗಂಟು ಬಿಚ್ಚಿದನೋ,
ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.
ನನ್ನ ಬೆರಳು ಮಾತ್ರ
ಹೊದಿಕೆಯ ಅಂಚಿನಲ್ಲಿ
ಇನ್ನೂ ದಾರ ಹುಡುಕುತ್ತಿತ್ತು.