ಒಂಬತ್ತನೇ ಪುಟ

ಸಮ್ಮತಿ ಪತ್ರದ ಒಂಬತ್ತನೇ ಪುಟದಲ್ಲಿ ಸಿಕ್ಕಿಬಿದ್ದೆ.
'ಔಷಧಕ್ಕೆ ಪ್ರತಿರೋಧ ತೋರುವ' ಎಂದು ಅಚ್ಚಾಗಿತ್ತು.
ಕಲಬುರಗಿಯ ಈ ವಾರ್ಡಿನಲ್ಲಿ
ಪ್ರತಿರೋಧ ಅಂದರೆ ಯಾರಿಗೆ ಏನು?
'ಮದ್ದಿಗೆ ಜಗ್ಗದ ರಕ್ತದ ಕ್ಯಾನ್ಸರ್' ಎಂದೆ.
'ಹಾಂ, ಮೊಂಡ' ಅಂದ ಸೈಬಣ್ಣ,
ಪರಿಚಯದವನ ಹೆಸರು ಕೇಳಿದಂತೆ.

ಮೂವತ್ತೊಂದು ವರ್ಷ ಶಹಾಬಾದಿನ ಖಣಿಯಲ್ಲಿ
ಫರ್ಶಿ ಎಬ್ಬಿಸಿದವನು.
ಮೊದಲ ಮದ್ದು ಎಂಟು ತಿಂಗಳು ಹಿಡಿಯಿತು,
ಎರಡನೆಯದು ನಾಲ್ಕು.
ಮೂರನೆಯದು ಶುರುವಾದ ತಿಂಗಳೇ
ಬೆನ್ನಿನ ಮೂಳೆಯೊಂದು ಬರಿ ಕೆಮ್ಮಿಗೆ ಬಿರಿಯಿತು.

ಈಗ ಎರಡನ್ನು ಕೂಡಿಸಿ ಕೊಡುತ್ತೇವೆ.
ಒಂದು ಹಳೆಯದು, ಅವನಲ್ಲೇ ಸೋತದ್ದು.
ಇನ್ನೊಂದಕ್ಕೆ ಇನ್ನೂ ಹೆಸರಿಲ್ಲ, ಅಕ್ಷರ, ಅಂಕಿ ಅಷ್ಟೇ.
ಗುಣವಾಗದೆ ಇರಬಹುದು, ತ್ರಾಸು ಹೆಚ್ಚಲೂಬಹುದು,
ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು...
ಓದುತ್ತ ಹೋದಂತೆ ನನ್ನ ದನಿ ನನಗೇ
ಬಸ್‌ಸ್ಟ್ಯಾಂಡಿನ ಮೈಕಿನಂತೆ ಕೇಳಿಸಿತು.

'ಸೋತದ್ದನ್ನ ಮತ್ತ ಯಾಕ್ ಕೊಡ್ತೀರಿ?'
ಕೇಳಿದ್ದು ಅವನ ಹೆಂಡತಿ, ಚಂದಮ್ಮ.
ಉತ್ತರಕ್ಕಾಗಿ ಪುಟ ತಿರುವುತ್ತಿದ್ದೆ.
ಅವನೇ ಹೇಳಿದ:
'ಒಂದ್ ಬೆಣಿಗೆ ಕಲ್ಲು ಬಾಯಿ ಬಿಡಂಗಿಲ್ಲ.
ಅದನ್ನ ಅಲ್ಲೇ ಬಿಟ್ಟು ಬಾಜೂಕ ಇನ್ನೊಂದ್ ಇಡಬೇಕು.
ಇದಕ್ಕೊಂದೇಟು, ಅದಕ್ಕೊಂದೇಟು.
ಜೋರ್ ಹೊಡದ್ರ ಫರ್ಶೀನೇ ಚೂರು.'
ತುಸು ತಡೆದು,
'ಕಡೀಕ ಯಾವ್ ಬೆಣಿಗೆ ಒಡೀತು ಅಂತ
ಕಲ್ಲು ಹೇಳಂಗಿಲ್ರಿ.'

ನಮ್ಮ ಡಾಕ್ಟರು ಮೂರು ವರ್ಷದಿಂದ ಕೇಳುತ್ತಿರುವುದು ಅದನ್ನೇ.

ಹೆಬ್ಬೆಟ್ಟು ಒತ್ತಿಸಿದೆ. ಒಂದು ಗೆರೆಯೂ ಮೂಡಲಿಲ್ಲ.
ಅವನು ಕಲ್ಲನ್ನು ಉಜ್ಜಿದಷ್ಟೂ ವರ್ಷ
ಕಲ್ಲೂ ಅವನನ್ನು ಉಜ್ಜಿದೆ.
'ರೇಷನ್ ಅಂಗಡಿ ಮಷೀನೂ ನನ್ನ ಒಪ್ಪಂಗಿಲ್ಲ' ಎಂದು ನಕ್ಕ.
ಹೈದರಾಬಾದಿನಿಂದ ಬಂದ ತಪಾಸಣೆಯವರು
ಆ ನೀಲಿ ನುಣುಪಿನ ಸುತ್ತ ಪೆನ್ಸಿಲ್ ಆಡಿಸಿ
ಪಕ್ಕದಲ್ಲಿ ಬರೆದರು: ಇದು ಸಹಿಯೇ?

ಅಂದಿನಿಂದ ಅವನು ಏಳನೇ ನಂಬರು.
ಮೂರನೇ ಸುತ್ತಿಗೆ ರಕ್ತದ ಅಂಕಿ ಅರ್ಧಕ್ಕಿಳಿಯಿತು.
ಪಾದ ಜೋಮುಗಟ್ಟಿವೆ,
ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯುವುದಿಲ್ಲ.
ಅರ್ಧ ಅಂದರೆ ಎಷ್ಟು ದಿನ ಎಂದು ಚಂದಮ್ಮ ಕೇಳಿಲ್ಲ.
ನಾನೂ ಹೇಳಿಲ್ಲ, ಗೊತ್ತಿದ್ದರಲ್ಲವೇ.

ನಿನ್ನೆ ಸಲೈನ್ ಕಂಬ ತಳ್ಳಿಕೊಂಡು ಹೋಗುವಾಗ
ನಡುವೆಯೇ ನಿಂತ.
ಕಂಬದ ಬುಡದಿಂದ ನೆಲ ಕುಟ್ಟಿ, ತಲೆ ವಾಲಿಸಿ ಆಲಿಸಿದ.
'ಸಿಸ್ಟರ್, ಈ ಫರ್ಶಿ ನಮ್ಮ ಕಡೀದೇ.
ತಳಾ ಪೊಳ್ಳಾಗ್ಯಾದ, ಮ್ಯಾಲ ಕಾಣಂಗಿಲ್ಲ.
ಹೇಳಿ ಇಡ್ರಿ ಯಾರಿಗರೆ.'

ಫಾರ್ಮಿನಲ್ಲಿ 'ಇತರೆ' ಎಂಬ ಕಾಲಂ ಸದಾ ಖಾಲಿ.
ಬರೆದೆ: ಏಳನೇ ನಂಬರು.
ಕಿಟಕಿಯಿಂದ ನಾಲ್ಕನೇ ಕಲ್ಲು.