ಐದರೊಳಗ

ಮೂವತ್ತೊಂದನೇ ತಾರೀಖು. ಸಂಜಿ ಐದಕ್ಕ
ಕಲಬುರಗಿ ಲೀಗ್ ದಫ್ತರದ ಬಾಗಿಲು ಹಾಕ್ತದ.
ಆಮ್ಯಾಲ ಯಾರ ಹೆಸರೂ ಅತ್ಲಾಗ ಇತ್ಲಾಗ ಆಗಂಗಿಲ್ಲ.
ನನ್ನ ಅಂಗಿ ಕಿಸೆದಾಗ ಫಾರ್ಮು, ನಾಕು ಮಡಿಕಿ.
ಕೊಡೋದು: ಭೀಮಶಾ, ಬಲಗೈ, ವೇಗ.
ತಗೊಳ್ಳೋದು: ವಾಡಿ ಟೀಮಿನ ಸೈಬಣ್ಣ, ಎಡಗೈ,
ಹತ್ತೊಂಬತ್ತು ವರ್ಷ.
ಜೋಡಿಗೆ ನಮ್ಮ ಹಳೇ ಮ್ಯಾಟು, ಅವರಿಗೆ.

ಮ್ಯಾಟಿನ ಸಲುವಾಗಿ ಕಮಿಟ್ಯಾಗ ಮೂರು ದಿನ ಜಗಳ.
ಭೀಮಶಾನ ಸಲುವಾಗಿ ಅರ್ಧ ತಾಸು.

ಹೋದ ಐತವಾರ ಕಡೀ ಓವರಿಗೆ ಇಪ್ಪತ್ಮೂರು ಕೊಟ್ಟ.
ಅಂಕಿ ಬರಿಯಾಂವ ನಾನೇ. ಪೆನ್ಸಿಲ್ ಮುರೀತು ಅಂದೆ,
ಖರೇ ಹೇಳಬೇಕಂದ್ರ ನಾನೇ ಒತ್ತಿ ಮುರಿದೆ.
ನಾಕನೇ ಬಾಲಿಗೆ ಅವನ ಭುಜ ಹಿಡೀತು,
ಹಿಡಿದದ್ದು ಬಿಡಲಿಲ್ಲ.
ದಿನಾ ಎಂಟು ತಾಸು ಫರಸಿ ಪಾಲಿಶ್ ಮಾಡೋ ಕೈ ಅದು,
ಉಳಿದದ್ದು ನಮಗ ತರ್ತಿದ್ದ.
ಹಿಂದ್ಕ ಅವನ ಬಾಲು ತಡಕೊಳ್ಳಾಕ
ಕೀಪರ್ ಇಸ್ಮಾಯಿಲ್ ಗ್ಲೋವಿನೊಳಗ
ಕೌದಿ ಚೂರು ಇಟ್ಕೊಂತಿದ್ದ.
ಎರಡು ವರ್ಷ ಆಯ್ತು, ಇಟ್ಕೊಳ್ಳಂಗಿಲ್ಲ.
ಅದನ್ನ ಮೀಟಿಂಗಿನಾಗ ಯಾರೂ ಹೇಳಲಿಲ್ಲ.

ಮೂರರ ಗಾಡಿ ತಪ್ತು ನನಗ.
ಶಹಾಬಾದ್ ಸ್ಟೇಷನ್ ಹೊರಗ ಬೆವರು ಒರಸಿಕೊಂತ ನಿಂತೀನಿ,
ಮುಂದ ಬಂದು ನಿಂತದ್ದು ಅವನದೇ ಮೋಟಾರ್ ಸೈಕಲ್.
‘ಎಲ್ಲಿಗೆ?’
‘ಕಲಬುರಗಿಗೆ. ಒಂದು ಕಾಗದ ಕೊಡೋದದ.’
‘ಕುಂದರು.’
ಯಾವ ಕಾಗದ ಅಂತ ಕೇಳಲಿಲ್ಲ.

ರಸ್ತೆ ಮ್ಯಾಲ ತೊಗರಿ ಕಟ್ಟಿಗಿ ಹರವ್ಯಾರ,
ನಮ್ಮ ಗಾಲಿ ಕೆಳಗ ಚಟಚಟ ಕಾಳು ಒಡೀತಾವ.
ಯಾರದೋ ರಾಶಿ, ಪುಕ್ಕಟೆ ಮಾಡಿಕೊಟ್ಟಂಗ ಆಯ್ತು.
ಅವನ ಬೆನ್ನಿನಿಂದ ಕರ್ಪೂರದ ಎಣ್ಣಿ ವಾಸನಿ.
ಎರಡು ಮೈಲಿಗೊಮ್ಮೆ ಎಡಗೈ ಅಡ್ಡ ತಂದು
ಆಕ್ಸಿಲೇಟರ್ ಹಿಡೀತಾನ, ಬಲಗೈ ಗಾಳ್ಯಾಗ ಜಾಡಿಸ್ತಾನ,
ನಾ ನೋಡಿಲ್ಲ ಅನ್ನೋಹಂಗ ಹೊಲ ನೋಡ್ತೀನಿ.
ತಗ್ಗು ಬಂದಾಗೆಲ್ಲ ನನ್ನ ಎದಿ ಅವನ ಬೆನ್ನಿಗೆ ತಾಕ್ತದ,
ನಡುವ ಫಾರ್ಮು ಸರಬರ ಅಂತದ.

ನಂದೂರ ದಾಟಿದ ಮ್ಯಾಲ ಅಂದ:
‘ಹುಡುಗ ಛಲೋ ಇದ್ದಾನ.
ಕಾಲು ಜರಾ ಗೀಟು ದಾಟ್ತದ, ಅದೊಂದು ತಿದ್ರಿ.
ನಾಕರ ಮ್ಯಾಲ ಸ್ಟೇಷನ್ ಕಡಿಯಿಂದ ಹಾಕಸ್ರಿ,
ಗಾಳಿ ಎಡಗೈಯವರಿಗೆ ಒದಗ್ತದ.’
ಆಮ್ಯಾಲ ಕಲಬುರಗಿ ಬರೋತನ
ಎದುರು ಬಂದ ಟ್ರ್ಯಾಕ್ಟರಿಗೆ ಬೈದದ್ದು ಬಿಟ್ರ
ಮಾತಾಡಲಿಲ್ಲ.

ಐದಕ್ಕ ಹತ್ತು ನಿಮಿಷ ಇತ್ತು.
ಬೇವಿನ ನೆರಳಿಗೆ ಗಾಡಿ ಹಚ್ಚಿ,
‘ಹೋಗಿ ಬಾ, ಚಾ ಹೇಳ್ತೀನಿ’ ಅಂದ.
ನಾ ಎರಡು ಮೆಟ್ಟಲು ಹತ್ತಿ ತಿರುಗಿದೆ.
ಒಂದು ಖಾನೆ ಖಾಲಿ ಬಿಟ್ಟಿದ್ದೆ.
‘ನಿನ್ನ ವಯಸ್ಸು ಎಷ್ಟು ಬರೀಲಿ?’
ನಾಕು ವರ್ಷದಿಂದ ಮೂವತ್ನಾಕೇ ಬರದೀನಿ,
ಅವನೂ ಹೂಂ ಅಂದಾನ.
ಭೀಮಶಾ ನಕ್ಕ. ಪಾನಿನ ಹಲ್ಲು, ಒಂದು ಮುರಿದದ್ದು,
ಸೇಡಂ ಫೈನಲ್ ದಿನ ಮುರಿದದ್ದು.
‘ವಾಡಿಯವರಿಗೇನು ಗೊತ್ತು?
ಮೂವತ್ಮೂರು ಬರಿ.’

ಒಳಗ ಗುಮಾಸ್ತ ಕೀಲಿಕೈ ಬಟ್ಟಿಗೆ ಸುತ್ತಿಕೊಂಡು ಕುಂತಾನ.
ಗ್ವಾಡಿ ಗಡಿಯಾರ ನನ್ನದಕ್ಕಿಂತ ನಾಕು ನಿಮಿಷ ಮುಂದ.
ಶಿಕ್ಕಾದ ಪ್ಯಾಡು ಒಣಗ್ಯಾದ, ಅದಕ್ಕ ಎರಡು ಹನಿ ನೀರು ಬಿಟ್ಟ.
‘ಏನ್ರಿ, ಕೊಡ್ತೀರೋ ಇಲ್ಲೋ?’
ಹೊರಗಿಂದ ಹಾರ್ನು ಒಂದು ಸಲ ಕೇಳಿಸ್ತು.
ಚಾ ಆರ್ತದ ಅಂತ ಇರಬೇಕು.
ಪೆನ್ನು ತೆರೆದೀನಿ. ಮೂರು ಬರದೀನಿ.
ಇನ್ನೊಂದು ಮೂರು ಬರೀಬೇಕು.