ಸೊನ್ನೆಯಿಂದ ಮತ್ತೆ

ಲೇಕ್‌ಲ್ಯಾಂಡಿನಲ್ಲಿ ಜುಲೈ, ಮಧ್ಯಾಹ್ನದ ಎರಡು ಗಂಟೆ.
ಡಾಂಬರಿನ ಹೆಂಚು ಮೆತ್ತಗಾಗಿ ಮಂಡಿಗೆ ಅಂಟುತ್ತದೆ.
ಮಾಡಿನ ಮೇಲೆ ಆರು ಜನ, ಕೆಳಗೆ ನಾನು.
ಸುತ್ತಿಗೆ ಹಿಡಿಯಲು ಬಾರದ ಕೈಗೆ ಬಾಲ್ತಸಾರ್ ಕೊಟ್ಟದ್ದು
ಗಾಜು ಬಿರಿದ ಒಂದು ಫೋನು:
"ಚುಕ್ಕಿ ಹತ್ತು ಮೈಲಿಯೊಳಗೆ ಬಂದರೆ ಕೂಗು."

ಚುಕ್ಕಿ ಅಂದರೆ ಸಿಡಿಲು. ಹಳದಿಯಾದರೆ ಹಳೆಯದು,
ಕೆಂಪಾದರೆ ಈಗಷ್ಟೇ ಯಾರದೋ ತೋಟಕ್ಕೆ ಇಳಿದದ್ದು.
ಟ್ಯಾಂಪಾ ಕಡೆಯಿಂದ ಒಂದು, ಆಮೇಲೆ ಏಳು,
ಆಮೇಲೆ ಸಾಸಿವೆ ಚೆಲ್ಲಿದ ಹಾಗೆ.
ನಮ್ಮ ತಲೆಯ ಮೇಲೆ ಮಾತ್ರ ಆಕಾಶ
ತೊಳೆದು ಬೋರಲು ಹಾಕಿದ ತಟ್ಟೆ.

ಕೂಗಿದೆ.
ಎವುಲಾಲಿಯೊ ಅಂಚಿನಿಂದ ಬಗ್ಗಿ ನೋಡಿದ:
"ಹಗಲಲ್ಲಿ ಚುಕ್ಕಿ ಎಣಿಸ್ತಾನೆ, ನೋಡ್ರೋ."
ಹಾಸಿದ ಅಳತೆಗೆ ದುಡ್ಡು, ಕೂತ ಹೊತ್ತಿಗಿಲ್ಲ.
ಒಬ್ಬೊಬ್ಬರೇ ಇಳಿದರು, ಸೊಂಟದ ಮೊಳೆಚೀಲ ಗಲಗಲ,
ನನ್ನ ಮುಖ ನೋಡದೆ.

ವ್ಯಾನಿನೊಳಗೆ ಬೆವರು, ಡಾಂಬರು, ಯಾರದೋ ಬುತ್ತಿಯ ಬೀನ್ಸು.
ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ, ಅದು ನಿಯಮ.
ಹನ್ನೊಂದು. ಹದಿನೆಂಟು.
ಪಾಸ್ಕುವಾಲ್ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ.
ಇಪ್ಪತ್ತಾರಕ್ಕೆ ದೂರದಲ್ಲಿ ಬೀರು ಎಳೆದಂಥ ಸದ್ದು.
ಸೊನ್ನೆಯಿಂದ ಮತ್ತೆ.

ಎವುಲಾಲಿಯೊನ ಅಜ್ಜಿ, ಅತ್ತ ವೆವೆತೆನಾಂಗೊದ ಬೆಟ್ಟದಲ್ಲಿ,
ಗುಡುಗಿದರೆ ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದಳಂತೆ,
ಮಚ್ಚನ್ನು ಹಾಸಿಗೆಯಡಿ ತಳ್ಳುತ್ತಿದ್ದಳಂತೆ.
"ಮೊದಲೇ ಮೊಣಕಾಲು ನೋಯುತ್ತಿತ್ತು ಅವಳಿಗೆ, ಅದೇ ಅವಳ ಫೋನು."
ಯಾರೂ ನಗಲಿಲ್ಲ. ಅವನೂ.
ಆಮೇಲೆ, ಯಾರೂ ಕೇಳದಿದ್ದರೂ, ತಮ್ಮನ ಸುದ್ದಿ ತೆಗೆದ:
ಮೇ ತಿಂಗಳ ಕಿತ್ತಳೆ ತೋಟ, ಅಲ್ಯೂಮಿನಿಯಂ ಏಣಿ,
ಇನ್ನೊಂದೇ ಚೀಲ, ತುಂಬಿಸಿ ಬಂದೆ, ಅಂದದ್ದು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಸರಿ.
ಇನ್ನೂ ಮಿಂಚದ ಕಾರ್ಯಕ್ಕೆ ಚಿಂತಿಸಿ ಕೂರುವುದೇ
ನನ್ನ ಕೂಲಿ.
ಇವತ್ತು ಈ ಮಾಡಿಗೆ ಸಿಡಿಲು ಬೀಳಲೇ ಇಲ್ಲ.
ನಿನ್ನೆಯೂ. ಮೊನ್ನೆಯೂ.
ಆಗದೇ ಹೋದದ್ದಕ್ಕೆ ನಾನು ಸಾಕ್ಷಿ ಎಲ್ಲಿಂದ ತರಲಿ?
ಕತ್ತಲಾದ ವ್ಯಾನಿನಲ್ಲಿ ಸುಮ್ಮನೆ ತಲೆ ಎಣಿಸಿದೆ.
ಆರು. ಇನ್ನೊಮ್ಮೆ ಎಣಿಸಿದೆ.

ಐದೂವರೆಗೆ ದಪ್ಪ ಹನಿ ಬಿತ್ತು. ಇವತ್ತಿಗಿಷ್ಟೇ,
ಬಾಲ್ತಸಾರ್ ಗಾಡಿ ತಿರುಗಿಸಿದ.
ಮಾಡಿನ ನೆತ್ತಿಯಲ್ಲಿ ಯಾರೋ ಮರೆತ ಸುತ್ತಿಗೆ
ಒಂಟಿಯಾಗಿ ನೆನೆಯುತ್ತಿತ್ತು.
ತನ್ನ ತಿರುವಿನಲ್ಲಿ ಇಳಿದ ಎವುಲಾಲಿಯೊ
ಬಾಗಿಲು ಹಿಡಿದೇ, ನನ್ನ ಕಡೆ ತಿರುಗದೆ, ಹೇಳಿದ:
"ರಾತ್ರಿಯೇ ಚಾರ್ಜಿಗೆ ಹಾಕು. ಮರೀಬೇಡ."